ಕಾಗಿಣಾ ಕಣಿವೆಯ ಸಕ್ರಮ ಗಣಿಗಳು

ಬಳ್ಳಾರಿಯ ಗಣಿ ಹಗರಣ ಕರ್ನಾಟಕದ ಜನರಿಗೆ ಬೇಗ ಅರ್ಥವಾಯಿತು. ಅಲ್ಲಿ ಪರ್ಮಿಟ್ ಇಲ್ಲದ ಲಾರಿಗಳಿದ್ದವು, ಕಿತ್ತೆಸೆದ ಗಡಿಕಲ್ಲುಗಳಿದ್ದವು, ಬೇಲೆಕೇರಿ ಬಂದರಿನಿಂದ ಮಾಯವಾದ ಅದಿರಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಹೊರಬಿತ್ತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಎರಡೇ ದಿನದಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುಣ್ಣಕಲ್ಲಿಗೆ ಇಂಥ ಕತೆ ಇಲ್ಲ. ಇಲ್ಲಿನ ದೊಡ್ಡ ಸಿಮೆಂಟ್ ಗಣಿಗಳು ಲೀಸು, ಪರಿಸರ ಅನುಮತಿ, ರಾಯಲ್ಟಿ ರಸೀದಿ ಎಲ್ಲವನ್ನೂ ಫೈಲಿನಲ್ಲಿ ಇಟ್ಟುಕೊಂಡೇ ನಡೆಯುತ್ತವೆ. ಹಾಗಾಗಿ ಬೆಂಗಳೂರಿನ ಪತ್ರಿಕೆಗಳಿಗೆ ಇವು ಸುದ್ದಿಯೂ ಅಲ್ಲ.

ತೊಡಕು ಇರುವುದು ಅಲ್ಲೇ. ಕದ್ದವನನ್ನು ಹಿಡಿಯಬಹುದು. ಕಾನೂನಿನ ಒಳಗೇ ನಡೆದ ಕೆಲಸದಿಂದ ಬಾವಿ ಬತ್ತಿದರೆ, ಗೋಡೆ ಬಿರಿದರೆ, ಹೊಲವಿದ್ದ ಕಡೆ ಗುಂಡಿ ಉಳಿದರೆ ದೂರು ಯಾರ ಮೇಲೆ ಕೊಡುವುದು? ಕಲಬುರಗಿ ಜಿಲ್ಲೆಯಲ್ಲಿ ಗಣಿ ನಿಯಂತ್ರಣವೆಂದರೆ ಒಂದೊಂದು ಲೀಸಿನ ನಕ್ಷೆಯೊಳಗಿನ ಲೆಕ್ಕ. ಅದು ಇಡೀ ಕಾಗಿಣಾ ನದಿ ಕಣಿವೆಯ ಲೆಕ್ಕವಾಗಬೇಕು, ಆ ಲೆಕ್ಕ ಊರವರ ಕೈಗೆ ಸಿಗಬೇಕು ಎಂಬುದು ನನ್ನ ವಾದ. ಇದಕ್ಕೆ ಸರ್ಕಾರದ್ದೇ ಕಾನೂನು ಒಂದು ಗಡುವನ್ನೂ ಕೊಟ್ಟಿದೆ: 2030ರ ಮಾರ್ಚ್ 31.

ಈ ಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಭೂವಿಜ್ಞಾನಿಗಳು ಭೀಮಾ ಜಲಾನಯನದ ಶಿಲಾಸ್ತೋಮ ಎಂದು ಕರೆಯುವ ಇದು ಹಳೆಯ ಸಮುದ್ರತಳದ ಕೆಸರು ಗಟ್ಟಿಯಾಗಿ ಆದದ್ದು. ಡೆಕ್ಕನ್ನಿನ ಕಪ್ಪು ಬಸಾಲ್ಟ್ ಹರಿದು ಬರುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲಿನದು. ಜೋಳದ ರೊಟ್ಟಿ ಪೇರಿಸಿಟ್ಟಂತೆ ಪದರದ ಮೇಲೆ ಪದರ. ಶಹಾಬಾದಿನ ಸುತ್ತಮುತ್ತಲ ಖಣಿಗಳಲ್ಲಿ ಕೂಲಿಯವರು ಪದರದ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಸದ್ದು ಬದಲಾದ ಕೂಡಲೇ ಹಾರೆ ಹಾಕಿ ಎಬ್ಬಿಸಿದರೆ ಇಡೀ ಹಾಸು ಮೇಲೆ ಬರುತ್ತದೆ. ಅದೇ ಫರ್ಸಿ. ಹೈದರಾಬಾದಿನಿಂದ ಮುಂಬಯಿವರೆಗೆ ಮನೆ, ಶಾಲೆ, ರೈಲ್ವೆ ಪ್ಲಾಟ್‌ಫಾರಂಗಳ ನೆಲವಾದದ್ದು ಈ ಶಹಾಬಾದ್ ಕಲ್ಲು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕಿತಲ್ಲ, ಅದೂ ಸುಣ್ಣಕಲ್ಲಿನ ಫಲಕವೇ. ಮೇಲಿನ ಎರೆಮಣ್ಣಿನಲ್ಲಿ ಬೆಳೆಯುವ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಈ ಬೇಳೆಯ ಗುಣಕ್ಕೆ ನೆಲದ ಸುಣ್ಣದ ಅಂಶವನ್ನೇ ಕಾರಣವೆಂದು ಹೇಳುತ್ತಾರೆ. ಅಂದರೆ ಸಿಮೆಂಟಿನವರಿಗೂ ತೊಗರಿಯವರಿಗೂ ಬೇಕಾದದ್ದು ಒಂದೇ ನೆಲ. ಒಬ್ಬರಿಗೆ ಅದು ಒಂದೇ ಸಲ, ಇನ್ನೊಬ್ಬರಿಗೆ ಪ್ರತಿ ವರ್ಷ.

ಸಿಮೆಂಟು ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಅವುಗಳಲ್ಲೊಂದು. 1960ರ ದಶಕದ ಕೊನೆಗೆ ವಾಡಿ, 80ರ ದಶಕದಲ್ಲಿ ಮಳಖೇಡದ ರಾಜಶ್ರೀ ಮತ್ತು ಸೇಡಂನ ವಾಸವದತ್ತಾ, ಈಚೆಗೆ ಇಟಗಾದಲ್ಲಿ ಓರಿಯಂಟ್, ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ಚಿಂಚೋಳಿ ಕಡೆ ಚೆಟ್ಟಿನಾಡ್ ಮತ್ತು ಛತ್ರಸಾಲದ ಕಾರ್ಖಾನೆ. ಇವುಗಳಲ್ಲಿ ಹಳೆಯವು ಬಂದು ಎಷ್ಟೋ ವರ್ಷಗಳಾದ ಮೇಲೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಸೇಡಂ ಇತ್ತು, ಚಿಂಚೋಳಿ ಇತ್ತು, ವಾಡಿಯ ಜೊತೆಗೆ ಆಗ ಶಹಾಬಾದನ್ನೂ ಒಳಗೊಂಡಿದ್ದ ಚಿತ್ತಾಪುರವೂ ಇತ್ತು. ಕಬ್ಬಿಣದ ಅದಿರಿನ ಸಂಡೂರು ಕೂಡ ಅದೇ ಪಟ್ಟಿಯಲ್ಲಿತ್ತು. ಖನಿಜ ಇದ್ದ ಕಡೆ ತಾನಾಗಿಯೇ ಅಭಿವೃದ್ಧಿ ಬರುತ್ತದೆ ಎನ್ನುವವರು ಈ ಪಟ್ಟಿಗೆ ಮೊದಲು ಉತ್ತರ ಕೊಡಬೇಕು.

ಒಂದು ಹೆಕ್ಟೇರಿನ ಲೆಕ್ಕ ಹಾಕಿ ನೋಡೋಣ. ಎರಡೂವರೆ ಎಕರೆ ಎರೆಹೊಲ. ಇಪ್ಪತ್ತು ಮೀಟರ್ ಆಳಕ್ಕೆ ಸುಣ್ಣಕಲ್ಲು ತೆಗೆದರೆ ಎರಡು ಲಕ್ಷ ಘನ ಮೀಟರ್, ತೂಕದಲ್ಲಿ ಸುಮಾರು ಐದು ಲಕ್ಷ ಟನ್. 2014ರಲ್ಲಿ ನಿಗದಿಯಾದ ದರದಂತೆ ಸಿಮೆಂಟ್ ಸುಣ್ಣಕಲ್ಲಿಗೆ ರಾಯಲ್ಟಿ ಟನ್ನಿಗೆ 80 ರೂಪಾಯಿ. ಸರ್ಕಾರಕ್ಕೆ ಬರುವುದು ನಾಲ್ಕು ಕೋಟಿ. ಗಣಿ ಕಾಯ್ದೆಯ 2015ರ ತಿದ್ದುಪಡಿಗೆ ಮೊದಲಿನ ಲೀಸಾದರೆ ರಾಯಲ್ಟಿಯ ಶೇ 30ರಷ್ಟು, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ, ಗಣಿಬಾಧಿತ ಊರುಗಳಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ. ಹರಾಜಿನಲ್ಲಿ ಪಡೆದ ಲೀಸಾದರೆ ಪ್ರತಿಷ್ಠಾನದ ಪಾಲು ಶೇ 10 ಮಾತ್ರ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ನಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಹಾಗೆ ನೋಡಿದರೆ ಐವತ್ತು ಕಿಲೋ ಚೀಲವೊಂದರಲ್ಲಿ ರಾಯಲ್ಟಿಯ ಪಾಲು ಹೆಚ್ಚೆಂದರೆ ಆರು ರೂಪಾಯಿ. ಗಣಿಬಾಧಿತ ಊರುಗಳ ಹೆಸರಿನಲ್ಲಿ ಸೇರುವುದು ಎರಡು ರೂಪಾಯಿಯೊಳಗೆ.

ಈಗ ಗುಂಡಿಯ ವಿಚಾರ. ಗಣಿ ಮುಚ್ಚುವಾಗ ನೆಲ ಸರಿಪಡಿಸುವ ಭರವಸೆಗೆಂದು ಕಂಪನಿ ಹಣಕಾಸಿನ ಖಾತ್ರಿ ಇಡಬೇಕು. ನಿಯಮಗಳ 2021ರ ತಿದ್ದುಪಡಿಯಲ್ಲಿ ಇದನ್ನು ದೊಡ್ಡ ಗಣಿಗಳಿಗೆ ಹೆಕ್ಟೇರಿಗೆ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ನಮ್ಮ ಎರಡು ಲಕ್ಷ ಘನ ಮೀಟರ್ ಗುಂಡಿಗೆ ಐದು ಲಕ್ಷ ರೂಪಾಯಿ ಎಂದರೆ ಘನ ಮೀಟರಿಗೆ ಎರಡೂವರೆ ರೂಪಾಯಿ. ಆ ದರಕ್ಕೆ ಒಂದು ಟ್ರ್ಯಾಕ್ಟರ್ ಮಣ್ಣೂ ಬರುವುದಿಲ್ಲ. ಗುಂಡಿ ತುಂಬಿಸುವುದಕ್ಕಿಂತ ಖಾತ್ರಿ ಹಣ ಬಿಟ್ಟುಕೊಡುವುದೇ ಲಾಭವಾಗುವಂತೆ ನಿಯಮ ಬರೆದರೆ ಕಂಪನಿಯ ಲೆಕ್ಕಿಗ ಏನು ಮಾಡಬೇಕು? ಗುಂಡಿಯನ್ನು ಪೂರ್ತಿ ಮುಚ್ಚಲೇಬೇಕೆಂದು ನಾನೂ ಹೇಳುವುದಿಲ್ಲ. ತೆಗೆದ ಕಲ್ಲು ಸಿಮೆಂಟಾಗಿ ಹೋಗಿರುತ್ತದೆ, ತುಂಬಲು ಸಾಮಾನೇ ಇರುವುದಿಲ್ಲ. ದಂಡೆ ಇಳಿಜಾರು ಮಾಡಿ ಕೆರೆಯಾಗಿಸಬಹುದು, ಸುತ್ತ ಹುಲ್ಲು ಬೆಳೆಸಬಹುದು. 2020ರ ಜನವರಿ 8ರಂದು ಸುಪ್ರೀಂ ಕೋರ್ಟೇ ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಲೀಸಿನ ಷರತ್ತಾಗಿಸಬೇಕೆಂದಿದೆ. ಆದರೆ ಆ ಕೆರೆಯ ನೀರು, ಆ ಹುಲ್ಲು ಯಾರದ್ದು? ಇಲ್ಲಿನ ಬಹಳಷ್ಟು ಗಣಿ ನಡೆಯುವುದು ರೈತರಿಂದ ಕಂಪನಿ ಖರೀದಿಸಿದ ಪಟ್ಟಾ ಜಮೀನಿನಲ್ಲಿ. ಲೀಸು ಮುಗಿದರೂ ಪಹಣಿಯಲ್ಲಿ ಹೆಸರು ಕಂಪನಿಯದ್ದೇ. ನೇರ ಖರೀದಿಯಾದ್ದರಿಂದ 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನದ ಮಾತೂ ಬಹುಮಟ್ಟಿಗೆ ಏಳುವುದಿಲ್ಲ. ಊರಿನ ನಡುವೆ ಒಂದು ದೊಡ್ಡ ಕೆರೆ, ಸುತ್ತ ಬೇಲಿ, ಒಳಗೆ ಹೋದ ಎಮ್ಮೆಗೆ ಸೆಕ್ಯುರಿಟಿಯವನ ದೊಣ್ಣೆ ಎಂಬಂತಾದರೆ ಅದನ್ನು ಪುನಶ್ಚೇತನ ಎನ್ನಲು ನನಗೆ ಮನಸ್ಸಿಲ್ಲ.

ನೀರಿನದು ಇನ್ನೂ ಸೂಕ್ಷ್ಮ. ಸುಣ್ಣಕಲ್ಲಿನಲ್ಲಿ ನೀರು ಮರಳಿನಲ್ಲಿ ಇಂಗಿದಂತೆ ಇಂಗುವುದಿಲ್ಲ. ಬಿರುಕು, ಸಂದಿ, ನೀರೇ ಕೊರೆದ ಪೊಟರೆಗಳಲ್ಲಿ ಹರಿಯುತ್ತದೆ. ಒಂದು ಗಣಿಯ ತಳದಲ್ಲಿ ಪಂಪು ಹಚ್ಚಿದರೆ ಎದುರಿನ ಹೊಲದ ಬೋರ್‌ವೆಲ್‌ಗೆ ಏನೂ ಆಗದೆ ಎರಡು ಊರಿನಾಚೆಯ ಬಾವಿ ಇಳಿಯಬಹುದು. ಪರಿಸರ ಪರಿಣಾಮ ಅಧ್ಯಯನ ಇದನ್ನು ಹಿಡಿಯುವುದು ಹೇಗೆ? ರೂಢಿಯಂತೆ ಪ್ರತಿ ಅಧ್ಯಯನವೂ ಗಣಿಯ ಸುತ್ತ ಹತ್ತು ಕಿಲೋಮೀಟರ್ ನೋಡುತ್ತದೆ, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ತೆಗೆಯುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ನೀರಿನ ಆಟವೆಲ್ಲ ನಡೆಯುವುದು ಮಳೆಗಾಲದಲ್ಲಿ! ಇನ್ನು ವಾಡಿಯಿಂದ ಶಹಾಬಾದಿಗೆ ಹತ್ತು ಹನ್ನೊಂದು ಕಿಲೋಮೀಟರ್, ಮಳಖೇಡದಿಂದ ಸೇಡಂಗೆ ಇಪ್ಪತ್ತರೊಳಗೆ. ಹತ್ತು ಕಿಲೋಮೀಟರಿನ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಪ್ರತಿಯೊಂದು ವರದಿಯೂ ತನ್ನ ಗಣಿಯ ಪರಿಣಾಮ ಮಿತಿಯೊಳಗಿದೆ ಎನ್ನುತ್ತದೆ. ಎಲ್ಲವನ್ನೂ ಕೂಡಿಸಿದರೆ ಕಾಗಿಣಾಕ್ಕೆ, ಅದು ಹೊನಗುಂಟಾದಲ್ಲಿ ಸೇರುವ ಭೀಮೆಗೆ ಎಷ್ಟಾಯಿತು ಎಂದು ಹೇಳುವ ಹೊಣೆ ಯಾರ ಮೇಲೂ ಇಲ್ಲ.

ಸ್ಫೋಟದ ಕತೆಯೂ ಇದೇ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರ ಸುತ್ತೋಲೆಯಲ್ಲಿ ಕಂಪನಕ್ಕೆ ಮಿತಿ ಹಾಕಿದೆ: ಕಂಪನದ ಆವರ್ತನ ಕಡಿಮೆ ಇದ್ದಾಗ ಮನೆಗಳ ಬಳಿ ನೆಲ ಸೆಕೆಂಡಿಗೆ 5 ಮಿಲಿಮೀಟರಿಗಿಂತ ಹೆಚ್ಚು ವೇಗದಲ್ಲಿ ಅದುರಬಾರದು, ಐತಿಹಾಸಿಕ ಕಟ್ಟಡಗಳ ಬಳಿ 2 ಮಿಲಿಮೀಟರ್. ಮಿತಿ ಒಳ್ಳೆಯದೇ. ಕಲ್ಲು ಪೇರಿಸಿ ಮಣ್ಣಲ್ಲಿ ಮೆತ್ತಿದ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಯೊಡತಿಗೆ ಬಿರುಕು ಕಾಣುತ್ತದೆ, ಮಿಲಿಮೀಟರ್ ಕಾಣುವುದಿಲ್ಲ. ಮೀಟರ್ ಇರುವುದು ಕಂಪನಿಯ ಬಳಿ. ಮಾಪನ ಅದರದ್ದು, ವರದಿ ಅದರದ್ದು. ನಿರ್ದೇಶನಾಲಯದ ಕೇಂದ್ರ ಕಚೇರಿ ಧನಬಾದಿನಲ್ಲಿದೆ. ಗಣಿ ಯೋಜನೆಗೆ ಒಪ್ಪಿಗೆ ಕೊಡುವ ಭಾರತೀಯ ಗಣಿ ಬ್ಯೂರೋದ ಪ್ರಾದೇಶಿಕ ಕಚೇರಿ, ಆರು ತಿಂಗಳಿಗೊಮ್ಮೆ ಕಂಪನಿಯೇ ಬರೆದುಕೊಡುವ ಪಾಲನಾ ವರದಿ ಹೋಗುವ ಕೇಂದ್ರ ಪರಿಸರ ಸಚಿವಾಲಯದ ಕಚೇರಿ, ಎರಡೂ ಬೆಂಗಳೂರಿನಲ್ಲಿ. ಸೇಡಂನಿಂದ ಬೆಂಗಳೂರು ರಾತ್ರಿ ಪ್ರಯಾಣದ ದೂರ. ಗೋಡೆಯ ಬಿರುಕು ಹಿಡಿದುಕೊಂಡು ಅಷ್ಟು ದೂರ ಹೋಗುವವರು ಯಾರು?

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ನೆಲ ಪದೇ ಪದೇ ಕಂಪಿಸಿತು, ಒಳಗಿನಿಂದ ಸದ್ದು ಬಂತು, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ಊರೇ ಬಿಟ್ಟವು. ಮಳೆನೀರು ಸುಣ್ಣಕಲ್ಲಿನ ಪದರಗಳಿಗಿಳಿದು ಒತ್ತಡ ಬದಲಾಗುವುದೇ ಕಾರಣ ಎಂಬ ವಿವರಣೆ ವಿಜ್ಞಾನಿಗಳಿಂದ ಬಂತು. ಇದನ್ನು ಗಣಿಗಳ ತಲೆಗೆ ಕಟ್ಟುವವರೂ ಇದ್ದಾರೆ. ಆಧಾರವಿಲ್ಲದೆ ಹಾಗೆ ಹೇಳುವುದು ತಪ್ಪು. ಪರಿಸರದ ಪರ ನಿಂತವರು ಇಂಥ ಕಡೆ ನಾಲಗೆ ಬಿಗಿ ಹಿಡಿಯದಿದ್ದರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಆದರೆ ಕಂಪನದ ಅಂಕಿಅಂಶ, ಅಂತರ್ಜಲದ ಮಟ್ಟ, ಸ್ಫೋಟದ ದಿನ ಮತ್ತು ಹೊತ್ತು ವರ್ಷಗಟ್ಟಲೆ ಒಂದೇ ಕಡೆ ದಾಖಲಾಗಿ ತಹಶೀಲ್ದಾರ್ ಕಚೇರಿಯ ಗೋಡೆಗೆ ಅಂಟಿಸಿದ್ದರೆ ಆ ರಾತ್ರಿ ಜನರಿಗೆ ವದಂತಿಯ ಬದಲು ಮಾಹಿತಿ ಇರುತ್ತಿತ್ತು.

ಫರ್ಸಿ ಖಣಿಗಳ ಪಾಡು ಬೇರೆ. ಸಿಮೆಂಟಿಗೆ ಹೋಗುವ ಸುಣ್ಣಕಲ್ಲು ಪ್ರಧಾನ ಖನಿಜ, ಕೇಂದ್ರದ ಕಾನೂನು. ಅದೇ ಕಲ್ಲು ಹಾಸಾಗಿ ಎದ್ದರೆ ಉಪಖನಿಜ, ರಾಜ್ಯದ 1994ರ ನಿಯಮಗಳು. ಎಕರೆ ಎರಡೆಕರೆ ಹೊಲ, ಹತ್ತಿಪ್ಪತ್ತು ಕೂಲಿಗಳು, ಒಂದು ಕಟಿಂಗ್ ಮಷೀನು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಸಣ್ಣ ಲೀಸಿಗೂ ಪರಿಸರ ಅನುಮತಿ ಬೇಕೆಂದಿತು. ತೀರ್ಪು ಸರಿಯಾಗಿಯೇ ಇದೆ. ಆದರೆ ಕನ್ಸಲ್ಟೆಂಟ್ ಇಟ್ಟು ನೂರಾರು ಪುಟದ ವರದಿ ಮಾಡಿಸುವ ಶಕ್ತಿ ಸಿಮೆಂಟ್ ಕಂಪನಿಗಿದೆ, ಎರಡೆಕರೆ ಖಣಿಯವನಿಗಿಲ್ಲ. ಅವನು ಅಕ್ರಮದವನಾಗುತ್ತಾನೆ, ದಾಳಿಯಾದರೆ ಜಪ್ತಿಯಾಗುವುದು ಅವನ ಟ್ರ್ಯಾಕ್ಟರ್, ನಿಲ್ಲುವುದು ಕೂಲಿಯವರ ಪಗಾರ. ಕೆಲಸ ನಿಂತ ಮೇಲೆ ಚಿಂಚೋಳಿಯ ತಾಂಡಾಗಳವರಿಗೆ ಉಳಿಯುವ ದಾರಿ ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ. ಸಣ್ಣ ಖಣಿಯವರು ಸಾಚಾ ಎಂದೇನೂ ಅಲ್ಲ. ರಸ್ತೆ ಪಕ್ಕದಲ್ಲೇ ಬೇಲಿಯಿಲ್ಲದ ನೀರು ತುಂಬಿದ ಗುಂಡಿಗಳು, ಪಾಲಿಶ್ ಘಟಕಗಳ ಬಿಳಿ ರಾಡಿ, ಒಡೆದ ಕಲ್ಲಿನ ಗುಡ್ಡೆಗಳು ಶಹಾಬಾದ್–ವಾಡಿ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. ಇದಕ್ಕೆ ಮದ್ದು ಗುಂಪು ಅನುಮತಿ: ಅಕ್ಕಪಕ್ಕದ ಐವತ್ತು ಖಣಿಗಳಿಗೆ ಸೇರಿ ಒಂದೇ ಅಧ್ಯಯನ, ಒಂದೇ ರಾಡಿ ಹೊಂಡ, ಗುಂಡಿ ಮುಚ್ಚಲು ಒಂದೇ ನಿಧಿ, ಖರ್ಚು ಪಾಲಿನಂತೆ. ದೊಡ್ಡವರಿಗೆ ಸ್ವಯಂಘೋಷಣೆ, ಸಣ್ಣವರಿಗೆ ಪೊಲೀಸ್ ಜೀಪು ಎಂಬ ಈಗಿನ ಪದ್ಧತಿ ಪರಿಸರವನ್ನೂ ಕಾಯುತ್ತಿಲ್ಲ, ಹೊಟ್ಟೆಯನ್ನೂ ಕಾಯುತ್ತಿಲ್ಲ.

ಜನರ ಮಾತು ಕೇಳಲು ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆಯಲ್ಲ ಎನ್ನಬಹುದು. ಇದೆ. ಶಾಮಿಯಾನ, ಕುರ್ಚಿ, ಜಿಲ್ಲಾಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು, ವಿಡಿಯೊ ಚಿತ್ರೀಕರಣ. ಮೂಲ ವರದಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಿಗುವುದು ಕೆಲವೇ ಪುಟಗಳ ಸಾರಾಂಶ. ಹಾಗಾಗಿ ಜನ ತಮಗೆ ಗೊತ್ತಿರುವುದನ್ನೇ ಕೇಳುತ್ತಾರೆ: ನಮ್ಮ ಹುಡುಗರಿಗೆ ನೌಕರಿ ಕೊಡ್ರಿ, ಊರಿಗೆ ನೀರಿನ ಟಾಕಿ ಕಟ್ಟಿಸ್ರಿ, ಸಾಲಿಗೆ ಕೋಣೆ ಹಾಕಿಸ್ರಿ. ಈ ಬೇಡಿಕೆಗಳನ್ನು ಹಗುರ ಮಾಡುವುದು ಬೇಡ. ಅವು ಬರಬೇಕಾದದ್ದು ಪಂಚಾಯಿತಿಗೆ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ. ಪಂಚಾಯಿತಿಯ ಕೈ ಖಾಲಿ ಎಂದು ತಿಳಿದವರು ಕಂಪನಿಯ ಮುಂದೆ ಕೈಚಾಚುತ್ತಾರೆ. ಕಂಪನಿ ಒಪ್ಪುತ್ತದೆ, ಸಭೆ ಮುಗಿಯುತ್ತದೆ, ಅಂತರ್ಜಲದ ಮಾತು ನಡಾವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ.

ನಿಯಮ ಬಿಗಿ ಮಾಡಿದರೆ ಕಾರ್ಖಾನೆ ಬೇರೆ ಕಡೆ ಹೋಗುತ್ತದೆ, ಇದ್ದ ಕೆಲಸವೂ ಹೋಗುತ್ತದೆ ಎಂಬುದು ಗಟ್ಟಿಯಾದ ಆಕ್ಷೇಪ. ವಾಡಿ ಎಂಬ ಪಟ್ಟಣ ನಿಂತದ್ದೇ ರೈಲು ಮತ್ತು ಸಿಮೆಂಟಿನ ಮೇಲೆ; ಇದನ್ನು ಮರೆತು ಬರೆಯುವುದು ಅಪ್ರಾಮಾಣಿಕ. ಆದರೆ ಕಲ್ಲು ಇರುವಲ್ಲಿಗೆ ಕಾರ್ಖಾನೆ ಬರಬೇಕೇ ಹೊರತು ಕಾರ್ಖಾನೆ ಇರುವಲ್ಲಿಗೆ ಕಲ್ಲು ಹೋಗುವುದಿಲ್ಲ. ಇಷ್ಟು ಅಗ್ಗದ ಹೊರೆಯನ್ನು ದೂರಕ್ಕೆ ಹೊತ್ತು ಸಿಮೆಂಟ್ ಮಾಡಿ ಬದುಕಿದವರಿಲ್ಲ. ಕೆಲಸ ಹೋದ ಉದಾಹರಣೆ ಬೇಕಿದ್ದರೆ ಅದು ಕಾನೂನಿನ ಬಿಗಿಯಿಂದಾದದ್ದಲ್ಲ. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ್ದೇ ಆದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ 1990ರ ದಶಕದ ಕೊನೆಗೆ ನಷ್ಟದಿಂದ ನಿಂತಿತು. ಶಹಾಬಾದಿನ ಹಳೆಯ ಕಾರ್ಖಾನೆ ಕೈಯಿಂದ ಕೈಗೆ ಹೋಗಿ ಸೊರಗಿತು. ಎರಡೂ ಕಡೆ ಯಂತ್ರ ನಿಂತರೆ ಊರಿಗೆ ಏನು ಉಳಿಯಬೇಕು ಎಂಬ ಪ್ರಶ್ನೆಯನ್ನು ಯಂತ್ರ ಓಡುತ್ತಿದ್ದಾಗ ಯಾರೂ ಕೇಳಿರಲಿಲ್ಲ. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಎಲ್ಲ ಕಾರ್ಖಾನೆಯ ಜೊತೆಗೇ ಬಂದಿದ್ದವು, ಅದರ ಜೊತೆಗೇ ಹಾಳುಬಿದ್ದವು. ಗಣಿ ಮುಚ್ಚುವ ಯೋಜನೆ ಎಂದರೆ ಗುಂಡಿಯ ಯೋಜನೆ ಮಾತ್ರ ಎಂದು ನಮ್ಮ ನಿಯಮಗಳು ತಿಳಿದಂತಿದೆ.

ಬಳ್ಳಾರಿಯಿಂದ ಕಲಿಯುವುದಿದ್ದರೆ ಜೈಲಿನ ಕತೆಯಲ್ಲ, ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ 18ರ ತೀರ್ಪಿನ ನಂತರದ ವ್ಯವಸ್ಥೆ. ಪ್ರತಿ ಲೀಸಿಗೂ ಪುನಶ್ಚೇತನ ಯೋಜನೆ ಆಗದೆ ಗಣಿ ಶುರುವಾಗುವಂತಿಲ್ಲ, ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳ ಒಟ್ಟು ಉತ್ಪಾದನೆಗೆ ಮಿತಿ, ಹಾನಿ ಸರಿಪಡಿಸಲು ಬೇರೆಯೇ ಒಂದು ನಿಗಮ. ಆ ನಿಗಮದ ದುಡ್ಡು ಖರ್ಚಾಗಲು ತೆಗೆದುಕೊಂಡ ಕಾಲ ನೋಡಿದರೆ ಸಿಟ್ಟು ಬರುತ್ತದೆ ನಿಜ. ಆದರೂ ನೆಲ ಎಷ್ಟು ತಾಳೀತು ಎಂದು ಮೊದಲು ಕೇಳಿ ಆಮೇಲೆ ಲೀಸುಗಳಿಗೆ ಹಂಚುವುದು ಸರಿಯಾದ ಕ್ರಮ. ಅದನ್ನು ಮಾಡಲು ಬಳ್ಳಾರಿಯಲ್ಲಿ ಲೂಟಿ ಆಗಬೇಕಾಯಿತು. ಕಾಗಿಣಾ ಕಣಿವೆಯಲ್ಲಿ ಲೂಟಿ ಆಗುವವರೆಗೆ ಕಾಯಬೇಕಿಲ್ಲ.

ಗಡುವಿನ ಮಾತು ಇಲ್ಲಿ ಬರುತ್ತದೆ. 2015ರ ತಿದ್ದುಪಡಿ ಹಳೆಯ ಕ್ಯಾಪ್ಟಿವ್ ಲೀಸುಗಳನ್ನು, ಅಂದರೆ ಸ್ವಂತ ಕಾರ್ಖಾನೆಗೆಂದೇ ಕಲ್ಲು ತೆಗೆಯುವ ಲೀಸುಗಳನ್ನು, 2030ರ ಮಾರ್ಚ್ 31ರವರೆಗೆ ಅಥವಾ ಮಂಜೂರಾದ ದಿನದಿಂದ ಐವತ್ತು ವರ್ಷದವರೆಗೆ, ಯಾವುದು ತಡವೋ ಅಲ್ಲಿಯವರೆಗೆ, ವಿಸ್ತರಿಸಿತು. 1980ಕ್ಕೆ ಮೊದಲಿನವು 2030ಕ್ಕೆ ಮುಗಿಯುತ್ತವೆ. ಎಂಬತ್ತರ ದಶಕದವು ಅದರ ಹಿಂದೆಯೇ. ಮುಗಿದ ಮೇಲೆ ಹರಾಜು, ಅದರಲ್ಲಿ ಹಳೆಯ ಕಂಪನಿಗೆ ಮೊದಲ ಹಕ್ಕು. ಜಮೀನೂ ಅದರದ್ದೇ ಆದ್ದರಿಂದ ಬೇರೆಯವರು ಬರುವುದು ಕಷ್ಟ. ಈಗಂತೂ ಎಸಿಸಿ 2022ರಿಂದ ಅದಾನಿ ಗುಂಪಿನದು, ಓರಿಯಂಟ್ ಕೂಡ 2025ರಲ್ಲಿ ಅಲ್ಲಿಗೇ ಸೇರಿತು. ವಾಸವದತ್ತಾ ಅದೇ ವರ್ಷ ಅಲ್ಟ್ರಾಟೆಕ್ ಮೂಲಕ ರಾಜಶ್ರೀಯ ಬಳಗಕ್ಕೆ ಹೋಯಿತು. ಕಣಿವೆಯ ಬಹುಪಾಲು ಕಲ್ಲು ಎರಡು ಮನೆತನಗಳ ಕೈಗೆ ಬಂದಿದೆ. ಮುಖ್ಯವಾಗಿ ಎರಡೇ ಪಕ್ಷ ಇರುವಲ್ಲಿ ಇಡೀ ಕಣಿವೆಯ ಯೋಜನೆಗೆ ಸಹಿ ಹಾಕಿಸುವುದು ಸುಲಭ. ಸಹಿ ಹಾಕಿಸುವ ಸರ್ಕಾರಕ್ಕೆ ಬೆನ್ನುಮೂಳೆ ಇದ್ದರೆ ಎಂಬುದು ಬೇರೆ ಮಾತು.

ಹರಾಜಿನ ಕರಾರಿನಲ್ಲಿ ಏನು ಇರಬೇಕು ಎಂಬುದನ್ನು ರಾಜ್ಯ ಸರ್ಕಾರ ಈಗಲೇ ಬರೆಯಬೇಕು. ಮಳೆಗಾಲವೂ ಸೇರಿ ವರ್ಷಪೂರ್ತಿಯ ಕಣಿವೆ ಅಧ್ಯಯನ, ಅದರ ಖರ್ಚು ಕಂಪನಿಗಳದ್ದು, ಅಧ್ಯಯನ ಮಾಡುವವರ ಆಯ್ಕೆ ಅವರದ್ದಲ್ಲ. ಗುಂಡಿಯ ಆಳಕ್ಕೆ ತಕ್ಕ ಖಾತ್ರಿ ಹಣ. ಗಣಿ ಮುಗಿದ ಭಾಗದ ನೀರು ಮತ್ತು ಹುಲ್ಲಿನ ಮೇಲೆ ಗ್ರಾಮ ಪಂಚಾಯಿತಿಗೆ ಬರಹದಲ್ಲಿ ಹಕ್ಕು. ಕಂಪನ ಮಾಪಕ ಮತ್ತು ಬಾವಿಯ ಮಟ್ಟದ ಪಟ್ಟಿ ಊರಿನ ಶಾಲೆಯಲ್ಲಿ. ವಿಜ್ಞಾನದ ಮಾಸ್ತರು ಹುಡುಗರಿಂದಲೇ ಬರೆಸಲಿ. ಹರಾಜಿನ ಲೀಸಿನಲ್ಲಿ ಪ್ರತಿಷ್ಠಾನದ ಪಾಲು ಶೇ 30ರಿಂದ 10ಕ್ಕೆ ಇಳಿಯುತ್ತದೆ ಎಂಬುದನ್ನು ನಮ್ಮ ಶಾಸಕರು ಗಮನಿಸಿದ್ದಾರೋ ಇಲ್ಲವೋ. ಹರಾಜಿನ ಹೆಚ್ಚುವರಿ ಹಣ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ಗಣಿ ಪಕ್ಕದ ಊರಿನ ಪಾಲು ಮೂರರಲ್ಲೊಂದಾಗುತ್ತದೆ. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೇಲೆ ಈ ಕೊರತೆ ತುಂಬಿಕೊಡಲು ಬೆಂಗಳೂರಿಗೆ ನೆಪ ಉಳಿದಿಲ್ಲ.

ಚಿಂಚೋಳಿಗೆ ಒಂದು ಗೆರೆ ಆಗಲೇ ಬಿದ್ದಿದೆ. 2011ರಲ್ಲಿ ಘೋಷಣೆಯಾದ ಅಲ್ಲಿನ ವನ್ಯಜೀವಿಧಾಮ ಸುಮಾರು 135 ಚದರ ಕಿಲೋಮೀಟರಿನದು. ಅಭಯಾರಣ್ಯಗಳ ಒಳಗೂ ಗಡಿಯಿಂದ ಒಂದು ಕಿಲೋಮೀಟರಿನವರೆಗೂ ಗಣಿ ಕೂಡದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 26ರಂದು ಹೇಳಿದೆ. ಆ ಒಂದು ಕಿಲೋಮೀಟರನ್ನು ಅರಣ್ಯ ಇಲಾಖೆ ಮತ್ತು ಗಣಿ ಇಲಾಖೆ ಜಂಟಿಯಾಗಿ ಅಳೆದು, ಸರ್ವೆ ನಂಬರುಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿಯಲ್ಲಿ ಅಂಟಿಸಲು ಹೊಸ ಕಾನೂನೂ ಬೇಡ, ಹರಾಜಿಗೆ ಕಾಯುವುದೂ ಬೇಡ. ಅದನ್ನು ಈ ವರ್ಷವೇ ಮಾಡಬಹುದು.